ಅಂತರ್ಜಾಲದಲ್ಲಿ ಮನೆ ಮಾಡುವವರಿಗೆ

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆಯ ಮಹದೇಶ್ವರನ ಸನ್ನಿಧಿಗೆ ಹೋಗುವ ಯಾತ್ರಿಕರಿಗೆಲ್ಲ ಕಾಮಗೆರೆ ಪರಿಚಿತವಾದ ಊರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಊರಿಗೆ ಕಾಗದ ಬರೆಯುವವರು ವಿಳಾಸದ ಕೊನೆಯಲ್ಲಿ ಕೊಯಮತ್ತೂರು ಜಿಲ್ಲೆ, ಮದರಾಸು ರಾಜ್ಯ ಎಂದು ಬರೆಯಬೇಕಾಗಿದ್ದಿತು. ಅನಂತರ ಅದು ಮೈಸೂರು ಜಿಲ್ಲೆಗೆ ಸೇರಿತು. 1972ರಲ್ಲಿ ಅಂಚೆ ಇಲಾಖೆಯವರು ದೇಶದ ವಿಳಾಸಗಳಿಗೆಲ್ಲ ಆರು ಅಂಕೆಗಳ ಪಿನ್ ಸಂಖ್ಯೆಯನ್ನು ಸೇರಿಸಿದರು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟೆಲ್ಲ ಬದಲಾವಣೆಗಳಾದರೂ ಕಾಮಗೆರೆ ಮಾತ್ರ ಕಾಮಗೆರೆಯಾಗಿಯೇ ಉಳಿಯಿತು. ಜನರು ನೆನಪಿನಲ್ಲಿಡುವುದು ಹೆಸರನ್ನು. ಜಿಲ್ಲೆ, ಅಂಕೆಗಳ ಲೆಕ್ಕವನ್ನು ನೋಡಿಕೊಳ್ಳುವುದು ಅಂಚೆಯವರ ಕೆಲಸ.

ಅಂತರ್ಜಾಲದ ವ್ಯವಹಾರವೂ ಬಹುಮಟ್ಟಿಗೆ ಇದೇ ಬಗೆಯದು. ಕೊಳ್ಳೇಗಾಲದ ರೇಷ್ಮೆ ಸೀರೆಯ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಗೊಂದು ಜಾಲತಾಣವಿರಬೇಕೆಂದು ಹೊರಟರೆನ್ನೋಣ. ಡೊಮೈನ್, ಹೋಸ್ಟಿಂಗ್, ಸರ್ವರ್, ಬ್ಯಾಂಡ್‌ವಿಡ್ತ್, ಬ್ಯಾಕಪ್ ಎಂಬ ಶಬ್ದಗಳ ಸುರಿಮಳೆಯೇ ಅವರ ಮೇಲಾಗುತ್ತದೆ. ಅರ್ಥವಾಗದೆ, ಕೇಳಲು ಸಂಕೋಚಪಟ್ಟು, ‘ಎಲ್ಲವನ್ನೂ ನೀವೇ ನೋಡಿಕೊಳ್ಳಿ’ ಎಂದು ಹಣ ಕೊಟ್ಟು ಬರುವವರುಂಟು. ತೊಂದರೆಗೆ ಬೀಜ ಬೀಳುವುದು ಅಲ್ಲಿಯೇ. ಈ ಶಬ್ದಗಳೇನೂ ಬ್ರಹ್ಮವಿದ್ಯೆಯಲ್ಲ; ಮನೆ ಬಾಡಿಗೆಗೆ ಹಿಡಿಯಬಲ್ಲವರೆಲ್ಲರೂ ಇವನ್ನು ತಿಳಿಯಬಲ್ಲರು.

ರಸ್ತೆ ಬೇರೆ, ಬಂಡಿ ಬೇರೆ

ಅಂತರ್ಜಾಲವೆಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಕೂಡಿಸಿರುವ ಜಾಲ, ಅದು ರಸ್ತೆಯಿದ್ದಂತೆ. ಅದರ ಮೊಳಕೆ 1969ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಅರ್ಪಾನೆಟ್. ವೆಬ್ ಎಂಬುದು ಆ ರಸ್ತೆಯ ಮೇಲೆ ಓಡಾಡುವ ಬಂಡಿಗಳಲ್ಲೊಂದು, ಇ-ಮೇಲ್ ಮತ್ತೊಂದು. ಪುಟಗಳನ್ನು ಒಂದರೊಡನೊಂದು ಕೊಂಡಿ ಹಾಕಿ ಹೆಣೆಯುವ ವೆಬ್ಬನ್ನು 1989ರಲ್ಲಿ ಸೂಚಿಸಿದವರು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ. ಅವರ ಮೇಜಿನ ಮೇಲಿನ ಕಂಪ್ಯೂಟರೇ ಜಗತ್ತಿನ ಮೊದಲನೆಯ ವೆಬ್ ಸರ್ವರ್. ಅದನ್ನು ಯಾರೂ ಆರಿಸಕೂಡದೆಂದು ಅವರು ಕೆಂಪು ಶಾಯಿಯಲ್ಲಿ ಚೀಟಿ ಬರೆದು ಅಂಟಿಸಿದ್ದರು. ನಮ್ಮ ದೇಶದ ಸಾರ್ವಜನಿಕರಿಗೆ ವಿದೇಶ ಸಂಚಾರ ನಿಗಮದ ಮೂಲಕ ಅಂತರ್ಜಾಲ ದೊರೆತುದು 1995ರ ಆಗಸ್ಟ್ 15ರಂದು.

ಸರ್ವರ್ ಎಂದರೇನೆಂಬುದಕ್ಕೆ ಆ ಚೀಟಿಯೇ ಸೊಗಸಾದ ವ್ಯಾಖ್ಯಾನ. ಹಗಲಿರುಳೆನ್ನದೆ ಎಚ್ಚರವಾಗಿದ್ದು, ಕೇಳಿದವರಿಗೆ ಕೇಳಿದ ಪುಟವನ್ನು ಕಳುಹಿಸಿಕೊಡುವ ಕಂಪ್ಯೂಟರೇ ಸರ್ವರ್. ಕೇಳಿ ತರಿಸಿಕೊಂಡು ನಮ್ಮ ಕಣ್ಣ ಮುಂದೆ ಹರಡುವ ತಂತ್ರಾಂಶವೇ ಬ್ರೌಸರ್. ಕಾಮಗೆರೆಯ ರೈತನು ತನ್ನ ಫೋನಿನಲ್ಲಿ ಜಮೀನಿನ ಪಹಣಿಯನ್ನು ನೋಡುವಾಗಲೂ ಇಷ್ಟೇ ನಡೆಯುತ್ತದೆ: ಬ್ರೌಸರ್ ಕೇಳುತ್ತದೆ, ದೂರದ ಸರ್ವರ್ ಕೊಡುತ್ತದೆ.

ಅಂಕೆಯೂ ಹೆಸರೂ

ಜಾಲದಲ್ಲಿರುವ ಪ್ರತಿಯೊಂದು ಸರ್ವರಿಗೂ ಒಂದು ಸಂಖ್ಯೆಯುಂಟು. ಅದೇ ಐಪಿ ವಿಳಾಸ. ಹಳೆಯ ಪದ್ಧತಿಯಲ್ಲಿ ಅದು ಸೊನ್ನೆಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳ ಸರಣಿ. ಈ ಬಗೆಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವು ಸಾಲದೆ ಬಂದುದರಿಂದ ಇನ್ನೂ ಉದ್ದವಾದ ಐಪಿವಿ6 ಎಂಬ ಪದ್ಧತಿಯೂ ಬಳಕೆಗೆ ಬಂದಿದೆ. ಆದರೆ ಇಂಥ ಅಂಕೆಗಳನ್ನು ಬಾಯಿಪಾಠ ಮಾಡುವವರು ಯಾರು? ಆದುದರಿಂದಲೇ ಹೆಸರು ಬೇಕಾಯಿತು. ಮೊದಮೊದಲು ಎಲ್ಲ ಹೆಸರುಗಳೂ ಒಂದೇ ಪಟ್ಟಿಯಲ್ಲಿದ್ದವು. ಆ ಪಟ್ಟಿ ಬೆಳೆದು ನಿಭಾಯಿಸಲಾಗದಂತಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬುವರು ಡಿಎನ್ಎಸ್ ಎಂಬ ಏರ್ಪಾಡನ್ನು ರೂಪಿಸಿದರು. ಹೆಸರನ್ನು ಹೇಳಿದರೆ ಸಂಖ್ಯೆಯನ್ನು ತಿಳಿಸುವ, ಜಗತ್ತಿನಾದ್ಯಂತ ಹಂಚಿಹೋಗಿರುವ ದಫ್ತರವದು.

ಆ ದಫ್ತರದಲ್ಲಿ ನೋಂದಣಿಯಾದ ಹೆಸರೇ ಡೊಮೈನ್. ವ್ಯಾಪಾರಿಯು ನಾಳೆ ಬೇರೊಂದು ಸರ್ವರಿಗೆ ಹೋದರೆ ಸಂಖ್ಯೆ ಬದಲಾಗುತ್ತದೆ, ಹೆಸರು ಬದಲಾಗಬೇಕಿಲ್ಲ. ಜಿಲ್ಲೆ ಬದಲಾದರೂ ಕಾಮಗೆರೆ ಉಳಿದಂತೆಯೇ ಇದು. ಅಂಚೆಯ ವಿಳಾಸದಲ್ಲಿ ದೇಶದ ಹೆಸರು ಕೊನೆಗೆ ಬರುವಂತೆ ಡೊಮೈನಿನಲ್ಲಿಯೂ ವಿಶಾಲವಾದ ಭಾಗ ಕೊನೆಗೆ ಬರುತ್ತದೆ. ‘ಡಾಟ್ ಕಾಂ’ ವಾಣಿಜ್ಯಕ್ಕೆಂದು ಹುಟ್ಟಿದುದು. ‘ಡಾಟ್ ಇನ್’ ಭಾರತದ್ದು. 2003ರಲ್ಲಿ ಸ್ಥಾಪಿತವಾದ ನಿಕ್ಸಿ ಎಂಬ ಸಂಸ್ಥೆ ಇದನ್ನು ನಿರ್ವಹಿಸುತ್ತದೆ. 2005ರಿಂದ ಈ ಹೆಸರುಗಳು ಎಲ್ಲರಿಗೂ ಸುಲಭವಾಗಿ ದೊರೆಯತೊಡಗಿದವು. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಎಂದು ಮುಗಿಯುವ ಹೆಸರುಗಳಿಗೂ ಅವಕಾಶವಿರುವುದು ಸಂತೋಷದ ಸಂಗತಿ.

ವಠಾರದಿಂದ ಬಂಗಲೆಯವರೆಗೆ

ಹೆಸರು ದೊರೆತ ಮಾತ್ರಕ್ಕೆ ಮನೆಯಾಗಲಿಲ್ಲ. ಸರ್ವರಿನಲ್ಲಿ ಜಾಗವನ್ನು ಬಾಡಿಗೆಗೆ ಹಿಡಿಯಬೇಕು, ಇದೇ ಹೋಸ್ಟಿಂಗ್. ಅಗ್ಗವಾದುದು ಶೇರ್ಡ್ ಹೋಸ್ಟಿಂಗ್. ಇದು ನಮ್ಮ ಊರುಗಳ ವಠಾರದ ಬಾಳು. ಒಂದೇ ಬಾವಿ, ಒಂದೇ ಬಚ್ಚಲು. ಒಂದು ಮನೆಯಲ್ಲಿ ಮದುವೆಯಾದರೆ ಉಳಿದವರಿಗೆ ನೀರಿಗೆ ಕಷ್ಟ. ಒಂದೇ ಸರ್ವರಿನ ನೂರಾರು ತಾಣಗಳಲ್ಲಿ ಒಂದಕ್ಕೆ ಜನ ಮುಗಿಬಿದ್ದರೆ ಉಳಿದವು ಕುಂಟುತ್ತವೆ. ಆದರೂ ಸಣ್ಣ ಅಂಗಡಿಗೆ ಇಷ್ಟು ಸಾಕು. ವಿಪಿಎಸ್ ಎಂಬುದರಲ್ಲಿ ಕಟ್ಟಡವೊಂದೇ ಆದರೂ ಪ್ರತಿ ಮನೆಗೂ ಬೇರೆ ನಲ್ಲಿ, ಬೇರೆ ಮೀಟರು. ಡೆಡಿಕೇಟೆಡ್ ಸರ್ವರ್ ಎಂದರೆ ಸ್ವತಂತ್ರ ಬಂಗಲೆ. ಬಾಡಿಗೆಯೂ ಅದಕ್ಕೆ ತಕ್ಕಂತೆ.

ಕ್ಲೌಡ್ ಎಂಬ ಶಬ್ದ ಮಾತ್ರ ಅನೇಕರನ್ನು ದಿಗಿಲುಗೊಳಿಸಿದೆ. ಆಕಾಶದ ಮೋಡಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಮಗೆರೆಗೆ ಸಮೀಪದ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ತೊಂಬತ್ತು ಮೈಲಿಗೂ ಮಿಕ್ಕಿದ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯಿತು. ಇಂದು ಹಿಟ್ಟಿನ ಗಿರಣಿಯವನು ತನ್ನದೇ ವಿದ್ಯುದಾಗಾರವನ್ನು ಕಟ್ಟುವುದಿಲ್ಲ. ಬೇಕಾದಷ್ಟನ್ನು ಬಳಸಿ, ಬಳಸಿದಷ್ಟಕ್ಕೆ ಹಣ ತೆರುತ್ತಾನೆ. ದೂರದ ದತ್ತಾಂಶ ಕೇಂದ್ರಗಳಲ್ಲಿರುವ ಸಾವಿರಾರು ಸರ್ವರುಗಳ ಶಕ್ತಿಯನ್ನು ಹೀಗೆ ಅಳೆದು ಕೊಡುವುದೇ ಕ್ಲೌಡ್.

ಬಾಡಿಗೆಯ ಕರಾರಿನಲ್ಲಿ ಇನ್ನೆರಡು ಶಬ್ದಗಳಿರುತ್ತವೆ. ಬ್ಯಾಂಡ್‌ವಿಡ್ತ್ ಎಂದರೆ ಕೊಳವೆಯ ಅಗಲ. ಅಗಲವಾದಷ್ಟೂ ಒಂದೇ ಕಾಲಕ್ಕೆ ಹೆಚ್ಚು ಮಾಹಿತಿ ಹರಿಯುತ್ತದೆ. ಹೋಸ್ಟಿಂಗ್‌ನವರು ಎಷ್ಟೋ ಸಲ ತಿಂಗಳಲ್ಲಿ ಹರಿಯಬಹುದಾದ ಒಟ್ಟು ಮಾಹಿತಿಯ ಮಿತಿಗೂ ಇದೇ ಶಬ್ದವನ್ನು ಬಳಸುವುದರಿಂದ ಯಾವ ಅರ್ಥವೆಂದು ಕೇಳಿಕೊಳ್ಳಬೇಕು. ಅಪ್‌ಟೈಮ್ ಎಂದರೆ ಸರ್ವರ್ ಎಚ್ಚರವಾಗಿರುವ ಕಾಲ. ಶೇಕಡಾ 99.9 ಎಂಬುದು ಕೇಳಲು ಭರ್ಜರಿ. ಲೆಕ್ಕ ಹಾಕಿದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಅಂಗಡಿಯ ಬಾಗಿಲು ಮುಚ್ಚಿರಬಹುದೆಂದಾಯಿತು.

ಬೀಗ ಮತ್ತು ನಕಲು

ವಿಳಾಸದ ಮೊದಲಿನ ಎಚ್‌ಟಿಟಿಪಿಎಸ್ ಎಂಬ ಅಕ್ಷರಗಳು ಹೇಳುವುದಿಷ್ಟೆ: ಗ್ರಾಹಕನಿಗೂ ಸರ್ವರಿಗೂ ನಡುವೆ ಹೋಗುವ ಮಾತು ಗುಪ್ತಲಿಪಿಯಲ್ಲಿ ಹೋಗುತ್ತದೆ, ದಾರಿಯಲ್ಲಿ ಯಾರೂ ಓದಲಾರರು. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಉಚಿತವಾಗಿಯೇ ನೀಡುತ್ತಿದೆ. ಆದರೆ ಲಕೋಟೆ ಭದ್ರವಾಗಿದ್ದ ಮಾತ್ರಕ್ಕೆ ಕಾಗದ ಬರೆದವನು ಸಜ್ಜನನೆಂದು ಅರ್ಥವಲ್ಲ. ಮೋಸದ ತಾಣಕ್ಕೂ ಈ ಬೀಗ ಇರಬಹುದೆಂಬುದನ್ನು ಮನೆಯವರೆಲ್ಲ ಅರಿತಿರಬೇಕು.

ಬ್ಯಾಕಪ್ ಎಂದರೆ ಬೇರೆಡೆಯಲ್ಲಿಟ್ಟ ನಕಲು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಅಸಂಖ್ಯ ತಾಣಗಳು ಕಣ್ಮರೆಯಾದವು. ಬೇರೆಡೆ ನಕಲಿದ್ದವರು ಮತ್ತೆ ಬಾಗಿಲು ತೆರೆದರು. ಇಲ್ಲದವರಲ್ಲಿ ಎಷ್ಟೋ ಮಂದಿ ಸರ್ವಸ್ವವನ್ನೂ ಕಳೆದುಕೊಂಡರು.

ಯಾರ ಹೆಸರಿನಲ್ಲಿ?

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ಡೊಮೈನನ್ನು ‘ಕೊಂಡೆವು’ ಎನ್ನುವುದು ವಾಡಿಕೆಯಾದರೂ ನಿಜವಾಗಿ ಅದು ಗುತ್ತಿಗೆ. ಡಾಟ್ ಕಾಂ, ಡಾಟ್ ಇನ್ ಹೆಸರುಗಳಿಗೆ ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷ. ಅವಧಿ ತೀರಿ ನವೀಕರಣವಾಗದಿದ್ದರೆ ಕೆಲಕಾಲದ ಮೇಲೆ ಹೆಸರು ಬೇರೆಯವರ ಪಾಲಾಗಬಹುದು. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್‌ನಂಥ ದೊಡ್ಡ ಸಂಸ್ಥೆಯೇ ಪಾಸ್‌ಪೋರ್ಟ್ ಡಾಟ್ ಕಾಂ ಎಂಬ ತನ್ನ ಹೆಸರಿನ ಶುಲ್ಕ ತೆರಲು ಮರೆಯಿತು. ಹಾಟ್‌ಮೇಲ್ ಬಳಸುತ್ತಿದ್ದ ಎಷ್ಟೋ ಮಂದಿ ತಮ್ಮ ಅಂಚೆಯನ್ನು ಕಾಣದಾದರು. ಕಡೆಗೆ ಹೊರಗಿನವನಾದ ತಂತ್ರಜ್ಞನೊಬ್ಬ ತನ್ನ ಕೈಯಿಂದ 35 ಡಾಲರು ಕಟ್ಟಿ ಅದನ್ನು ಉಳಿಸಿಕೊಟ್ಟ. ಎಲ್ಲರಿಗೂ ಇಂಥ ಉಪಕಾರಿ ಸಿಗುವನೆಂಬ ಭರವಸೆಯೇನು?

ತಾಣವನ್ನು ಕಟ್ಟಿಕೊಟ್ಟವನು ತನ್ನ ಹೆಸರಿನಲ್ಲಿಯೇ ಡೊಮೈನನ್ನು ನೋಂದಾಯಿಸಿದ್ದರೆ, ಮುಂದೆ ಮನಸ್ತಾಪವಾದಾಗ ವ್ಯಾಪಾರಿಯ ಕೈಯಲ್ಲಿ ಏನೂ ಉಳಿಯದು. ಅಂಗಡಿಯ ಫಲಕ, ರಸೀತಿ, ಸೀರೆಯ ಪೆಟ್ಟಿಗೆ ಎಲ್ಲದರ ಮೇಲೂ ಅಚ್ಚಾದ ಹೆಸರು ಅನ್ಯರದಾಗಿರುತ್ತದೆ. ಆದುದರಿಂದ ಹಣ ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಡೊಮೈನ್ ಯಾರ ಹೆಸರಿನಲ್ಲಿ, ಯಾರ ಇ-ಮೇಲ್ ವಿಳಾಸದಲ್ಲಿ ನೋಂದಣಿಯಾಗುತ್ತದೆ? ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್ ಯಾರ ಬಳಿ ಇರುತ್ತದೆ? ಬ್ಯಾಕಪ್ ಎಲ್ಲಿದೆ, ಎಷ್ಟು ದಿನಕ್ಕೊಮ್ಮೆ ಆಗುತ್ತದೆ? ಉತ್ತರಗಳನ್ನು ಬರೆಸಿಕೊಂಡು ಮನೆಯ ಪತ್ರಗಳ ಜೊತೆಯಲ್ಲಿಡುವುದೂ, ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದೂ ಒಳ್ಳೆಯದು. ಕೆಲಸವನ್ನು ಬಲ್ಲವರಿಗೆ ವಹಿಸಬಹುದು, ಒಡೆತನವನ್ನು ವಹಿಸಬೇಕಾದುದಿಲ್ಲ.