ಚಂದ್ರಯಾತ್ರೆಯ ಒಂಬತ್ತು ಪರದೆಗಳು

ಚಲಚ್ಚಿತ್ರವನ್ನು ನೋಡುವಾಗ ನಾವೆಲ್ಲರೂ ಕತ್ತಲೆಯಲ್ಲಿ ಒಂದೇ ಕಡೆಗೆ ಮುಖಮಾಡಿ ಕುಳಿತಿರುತ್ತೇವೆ. ಅದಕ್ಕೆ ಬದಲಾಗಿ ಕೋಣೆಯ ಸುತ್ತಲಿನ ಗೋಡೆಗಳ ಮೇಲೆಲ್ಲಾ ಚಿತ್ರಗಳನ್ನು ಬೀಳಿಸಿ ಪ್ರೇಕ್ಷಕರನ್ನು ಅವುಗಳ ನಡುವೆ ನಿಲ್ಲಿಸಿದರೆ, ಅವರು ಆ ಚಿತ್ರಲೋಕದೊಳಕ್ಕೇ ಪ್ರವೇಶಿಸಿದಂತಾಗುತ್ತದೆ. ಇಂಥ ರಚನೆಗೆ ಪ್ರತಿಷ್ಠಾಪನ ಕಲೆ ಎಂದು ಹೆಸರು. ಮೂಕಚಿತ್ರವೊಂದರಿಂದ ಇಂಥ ಕೃತಿಯು ಹೇಗೆ ಹುಟ್ಟಿತೆಂಬುದನ್ನು ಒಂದು ನಿದರ್ಶನದಿಂದ ತಿಳಿಯೋಣ.

ಫ್ರಾನ್ಸ್ ದೇಶದ ಜಾರ್ಜ್ ಮೆಲಿಯೆಸ್ (1861–1938) ಎಂಬವರು ಮೊದಲು ಇಂದ್ರಜಾಲಿಗರಾಗಿದ್ದರು. 1897ರಲ್ಲಿ ಅವರು ಪ್ಯಾರಿಸಿನ ಸಮೀಪದ ಮೊಂತ್ರೆಯಿ ಎಂಬಲ್ಲಿ, ಬಿಸಿಲು ಧಾರಾಳವಾಗಿ ಬೀಳುವಂತೆ ಗಾಜಿನ ಚಿತ್ರಶಾಲೆಯೊಂದನ್ನು ಕಟ್ಟಿಸಿದರು. ಚಿತ್ರ ಬರೆದ ಪರದೆಗಳ ಮುಂದೆ ತಾವೇ ನಟಿಸಿ 1902ರಲ್ಲಿ ಅವರು ತಯಾರಿಸಿದ ‘ಚಂದ್ರಲೋಕ ಯಾತ್ರೆ’ಯಲ್ಲಿ, ಫಿರಂಗಿಯಿಂದ ಹಾರಿದ ವಾಹನವು ಚಂದ್ರನ ಕಣ್ಣಿಗೇ ನಾಟಿಕೊಳ್ಳುತ್ತದೆ. ಕಾಲಕ್ರಮದಲ್ಲಿ ಅವರು ಬಡತನಕ್ಕಿಳಿದರು. 1923ರಲ್ಲಿ ತಮ್ಮ ಚಿತ್ರಗಳ ಮೂಲಸುರುಳಿಗಳನ್ನು ತಾವೇ ನಾಶಪಡಿಸಿ, ಮುಂದೆ ರೈಲು ನಿಲ್ದಾಣವೊಂದರ ಅಂಗಡಿಯಲ್ಲಿ ಆಟಿಕೆಗಳನ್ನು ಮಾರಿ ಜೀವಿಸಿದರು. ಅನ್ಯರ ಬಳಿಯಲ್ಲಿದ್ದ ಪ್ರತಿಗಳಿಂದಾಗಿ ಚಂದ್ರಯಾತ್ರೆಯು ಉಳಿಯಿತು.

ಶತಮಾನವೊಂದು ಕಳೆದ ತರುವಾಯ, 2003ರಲ್ಲಿ, ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರದ ಕಲಾವಿದ ವಿಲಿಯಂ ಕೆಂಟ್ರಿಜ್ ಎಂಬವರು ಮೆಲಿಯೆಸರ ಸ್ಮರಣೆಗಾಗಿ ಒಂಬತ್ತು ಚಿಕ್ಕ ಚಿತ್ರಗಳ ಪ್ರತಿಷ್ಠಾಪನೆಯೊಂದನ್ನು ರಚಿಸಿದರು. ಅದಕ್ಕೆ ಬಹು ದ್ರವ್ಯವೇನೂ ಬೇಕಾಗಲಿಲ್ಲ. ಅವರ ಚಿತ್ರಶಾಲೆಯೇ ರಂಗವಾಯಿತು, ಅವರೇ ನಟರಾದರು. ಕಾಫಿ ಕಾಸುವ ಲೋಹದ ಪಾತ್ರೆಯು ಆಕಾಶನೌಕೆಯಾಯಿತು, ಕಾಫಿಯ ಬಟ್ಟಲು ದೂರದರ್ಶಕವಾಯಿತು.

ಆಗ ಚಿತ್ರಶಾಲೆಯೊಳಗೆ ಇರುವೆಗಳು ನುಗ್ಗಿದ್ದವು. ಅವನ್ನು ಓಡಿಸದೆ, ಕೆಂಟ್ರಿಜರು ಕಾಗದದ ಮೇಲೆ ಸಕ್ಕರೆ ನೀರಿನಿಂದ ಗೆರೆಗಳನ್ನೆಳೆದರು. ಇರುವೆಗಳು ಆ ಗೆರೆಗಳನ್ನು ಹಿಡಿದು ಸಾಲಾಗಿ ನಡೆದವು. ಆ ಚಿತ್ರದ ಬಿಳುಪನ್ನು ಕಪ್ಪಾಗಿಯೂ ಕಪ್ಪನ್ನು ಬಿಳುಪಾಗಿಯೂ ತಿರುಗಿಸಲು, ಬಿಳಿಯ ಕಾಗದವು ರಾತ್ರಿಯ ಆಕಾಶವಾಗಿ, ಇರುವೆಗಳು ಚಲಿಸುವ ನಕ್ಷತ್ರಗಳಾದವು! ‘ಹಗಲಿನಲ್ಲಿ ಇರುಳು’ ಎಂಬರ್ಥದ ಹೆಸರು ಅದಕ್ಕೆ ತಕ್ಕದ್ದೇ ಆಗಿದೆ.

ಇನ್ನೊಂದು ಉಪಾಯವು ಚಿತ್ರವನ್ನು ಕೊನೆಯಿಂದ ಮೊದಲಿಗೆ ಓಡಿಸುವದು. ಆಗ ಹರಿದೆಸೆದ ಕಾಗದದ ಚೂರುಗಳು ಕೈಗೆ ಹಾರಿಬಂದು ಇಡಿಯ ಚಿತ್ರವಾಗಿ ಕೂಡಿಕೊಳ್ಳುತ್ತವೆ. ನೋಡುವವರಿಗೆ ಇದು ಸುಲಭವೆಂದು ತೋರಿದರೂ, ನಟನು ಪ್ರತಿಯೊಂದು ಚಲನೆಯನ್ನೂ ತಲೆಕೆಳಗಾಗಿ ಆಲೋಚಿಸಿಕೊಳ್ಳಬೇಕು.

ಈ ಚಿತ್ರಗಳನ್ನು ಒಂದೇ ಕಾಲದಲ್ಲಿ ಸುತ್ತಲೂ ತೋರಿಸುವದರಿಂದ, ಯಾವುದನ್ನು ಮೊದಲು ನೋಡಬೇಕೆಂದು ಪ್ರೇಕ್ಷಕರೇ ನಿಶ್ಚಯಿಸಬೇಕು. ಒಂದನ್ನು ನೋಡುತ್ತಿರುವಾಗ ಬೆನ್ನ ಹಿಂದೆ ಮತ್ತೊಂದು ನಡೆಯುತ್ತಿರುತ್ತದೆ. ಹೀಗೆ ಅವರು ಕಥೆಯೊಂದನ್ನು ಕಾಣುವದಕ್ಕಿಂತ ಹೆಚ್ಚಾಗಿ ಕಲಾವಿದನ ಕೆಲಸದ ಕೋಣೆಯೊಳಗೆ ನಿಂತಿರುತ್ತಾರೆ.

ಮೆಲಿಯೆಸರು ನಾಶಮಾಡಿದ ಸುರುಳಿಗಳನ್ನು ಹಿಂದಕ್ಕೆ ತರುವದು ಯಾವ ಉಪಾಯಕ್ಕೂ ಸಾಧ್ಯವಿಲ್ಲ. ಆದರೂ ಅವರ ವಿನೋದಬುದ್ಧಿಯು ಬೇರೊಂದು ಖಂಡದಲ್ಲಿ, ಕಾಫಿಯ ಪಾತ್ರೆಯೊಂದರಲ್ಲಿ ಮತ್ತೆ ಚಿಗುರಿತು. ಆದುದರಿಂದ ತಾಯಂದಿರೇ, ನಿಮ್ಮ ಮಗಳು ಅಡಿಗೆಮನೆಯ ಬಟ್ಟಲನ್ನು ಕಣ್ಣಿಗೆ ಹಿಡಿದು ಚಂದ್ರನನ್ನು ನೋಡುತ್ತಿದ್ದರೆ, ಅದನ್ನು ಕೂಡಲೇ ಕಸಿದುಕೊಳ್ಳದೆ, ಅವಳಿಗೆ ಏನು ಕಾಣಿಸುತ್ತದೆಂದು ಕೇಳಿರಿ.