ಕಣ್ಣಿಗೆ ಬೀಳದ ಎದುರು ವಿಮಾನ

ಆಕಾಶವೋ ವಿಶಾಲವಾದುದು. ಅಲ್ಲಿ ಎರಡು ಪುಟ್ಟ ವಿಮಾನಗಳು ಡಿಕ್ಕಿ ಹೊಡೆಯುವುದಾದರೂ ಹೇಗೆ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಲಘು ವಿಮಾನಗಳ ಪೈಲಟ್‌ಗಳು ಹವೆ ತಿಳಿಯಾಗಿದ್ದಾಗ ಬಹುಮಟ್ಟಿಗೆ ಕಣ್ಣನ್ನೇ ನಂಬಿ ಹಾರುತ್ತಾರೆ. ತೊಡಕಿರುವುದು ಅಲ್ಲಿಯೇ. ನಮ್ಮ ಕಣ್ಣು ಚಲಿಸುವ ವಸ್ತುವನ್ನು ಬೇಗ ಗುರುತಿಸುತ್ತದೆ. ಆದರೆ ಎರಡು ವಿಮಾನಗಳು ವೇಗ, ದಿಕ್ಕು ಬದಲಿಸದೆ ಒಂದೇ ಬಿಂದುವಿನತ್ತ ಸಾಗುತ್ತಿದ್ದರೆ, ಎದುರಿನ ವಿಮಾನ ಗಾಜಿನ ಮೇಲೆ ಅಲುಗದೆ ನಿಂತ ಚುಕ್ಕೆಯಂತೆ ಕಾಣುತ್ತದೆ. ಕೊನೆಯ ಕ್ಷಣಗಳಲ್ಲಷ್ಟೇ ಥಟ್ಟನೆ ದೊಡ್ಡದಾಗುತ್ತದೆ. ಕಂಡದ್ದನ್ನು ಗುರುತಿಸಿ, ನಿರ್ಧರಿಸಿ, ವಿಮಾನವನ್ನು ತಿರುಗಿಸಲು ಸುಮಾರು 12.5 ಸೆಕೆಂಡು ಬೇಕೆಂಬುದು ಅಮೆರಿಕದ ವಿಮಾನಯಾನ ಆಡಳಿತದ ಲೆಕ್ಕ. ಗಂಟೆಗೆ 200 ಕಿ.ಮೀ. ವೇಗದ ಎರಡು ವಿಮಾನಗಳು ಎದುರುಬದುರಾಗಿದ್ದರೆ ಅಷ್ಟರಲ್ಲಿ ಸುಮಾರು 1,400 ಮೀಟರ್ ಅಂತರ ಕರಗಿಹೋಗುತ್ತದೆ.

ಈ ಕೊರತೆಯನ್ನು ತುಂಬಲು ಬಂದ ಸಾಧನಗಳಲ್ಲಿ ಮುಖ್ಯವಾದುದು ಎ.ಡಿ.ಎಸ್.-ಬಿ. ವಿಮಾನವು ಉಪಗ್ರಹಗಳ ನೆರವಿನಿಂದ ತನ್ನ ಸ್ಥಾನವನ್ನು ಅರಿತು, ಅದನ್ನು ಸುಮಾರು ಸೆಕೆಂಡಿಗೊಮ್ಮೆ ರೇಡಿಯೋ ಮೂಲಕ ಸಾರುತ್ತದೆ. ಜೊತೆಗೆ, ಗಾಳಿಯ ಒತ್ತಡದಿಂದ ಅಳೆದ ಎತ್ತರವನ್ನೂ ಸಾರುತ್ತದೆ. ಸಮೀಪದ ವಿಮಾನದಲ್ಲಿ ಗ್ರಾಹಕ ಯಂತ್ರವಿದ್ದರೆ ಅದರ ತೆರೆಯ ಮೇಲೆ ಗುರುತು ಮೂಡುತ್ತದೆ. ಅಮೆರಿಕದ ನಿಗದಿತ ವಾಯುಪ್ರದೇಶಗಳಲ್ಲಿ 2020ರ ಜನವರಿಯಿಂದ ಸಾರುವ ಯಂತ್ರ ಕಡ್ಡಾಯವಾಗಿದೆ. ಕೇಳುವ ಯಂತ್ರ ಮಾತ್ರ ಕಡ್ಡಾಯವಲ್ಲ! ಇದೊಂದು ವಿಚಿತ್ರವೇ ಸರಿ.

ಯಂತ್ರವಿದ್ದರೆ ಸಾಕೆ? 2019ರ ಮೇ 13ರಂದು ಅಲಾಸ್ಕಾದ ಕೆಚಿಕನ್ ಪಟ್ಟಣದ ಬಳಿ, ಪ್ರವಾಸಿಗರನ್ನು ಹೊತ್ತಿದ್ದ ಎರಡು ಜಲವಿಮಾನಗಳು ಹಾರುತ್ತಿರುವಾಗಲೇ ಡಿಕ್ಕಿಯಾಗಿ ಆರು ಮಂದಿ ಸತ್ತರು. ಎರಡರಲ್ಲೂ ಎ.ಡಿ.ಎಸ್.-ಬಿ. ಇತ್ತು. ಆದರೆ ಆಟರ್ ಮಾದರಿಯ ದೊಡ್ಡ ವಿಮಾನ ತನ್ನ ಎತ್ತರವನ್ನು ಸಾರುತ್ತಿರಲಿಲ್ಲ. ಎತ್ತರ ತಿಳಿಯದ ವಿಮಾನದ ಬಗ್ಗೆ ಇನ್ನೊಂದರ, ಅಂದರೆ ಬೀವರ್‌ನ, ಟ್ಯಾಬ್ಲೆಟ್ ಎಚ್ಚರಿಕೆ ಕೊಡುವಂತಿರಲಿಲ್ಲ. ಆಟರ್‌ನಲ್ಲಿ ಮೊದಲು ಎಚ್ಚರಿಕೆಯ ವ್ಯವಸ್ಥೆ ಇತ್ತು. ಹೊಸ ಉಪಕರಣ ಜೋಡಿಸಿದ ಮೇಲೆ ಅದು ಇಲ್ಲವಾಗಿತ್ತು. ಅದರ ಪೈಲಟ್ ತೆರೆಯನ್ನು ನೋಡಿ ಕೆಲವು ನಿಮಿಷಗಳಾಗಿದ್ದವು. ಕಣ್ಣಾದರೂ ಕಾಪಾಡಬಹುದಿತ್ತೆ? ಕೊನೆಯ ಸೆಕೆಂಡುಗಳಲ್ಲಿ ವಿಮಾನದ ಚೌಕಟ್ಟು, ರೆಕ್ಕೆಗಳೇ ನೋಟಕ್ಕೆ ಅಡ್ಡವಾಗಿದ್ದವು ಎಂದು ತನಿಖೆ ತಿಳಿಸಿತು. ಬರೀ ಕಣ್ಣನ್ನು ನಂಬುವ ಪದ್ಧತಿಯ ಮಿತಿಯನ್ನೂ ಎರಡೂ ವಿಮಾನಗಳಲ್ಲಿ ಎಚ್ಚರಿಕೆ ಮೂಡದಿದ್ದುದನ್ನೂ ತನಿಖಾ ಮಂಡಳಿ ಅಪಘಾತದ ಕಾರಣವೆಂದಿತು.

ಯುರೋಪಿನ ಗ್ಲೈಡರ್‌ಗಳಲ್ಲಿ ಬೇರೊಂದು ಸಾಧನ ಹೆಚ್ಚು ಬಳಕೆಯಲ್ಲಿದೆ: 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಂದ ಫ್ಲಾರ್ಮ್. ಎರಡು ಗ್ಲೈಡರ್‌ಗಳ ದಾರಿ ಕೂಡುವಂತಿದ್ದರಷ್ಟೇ ಅದು ಎಚ್ಚರಿಸುತ್ತದೆ. ಹಿಂಡಾಗಿ ಒಂದೇ ಬಿಸಿಗಾಳಿಯಲ್ಲಿ ಸುತ್ತುವ ಗ್ಲೈಡರ್‌ಗಳಿಗೆ ಇಂಥದ್ದೇ ಬೇಕು; ಇಲ್ಲವಾದರೆ ಯಂತ್ರ ಸದಾ ಕೂಗುತ್ತಲೇ ಇರುತ್ತದೆ. ಇನ್ನು, ಯಾವ ಸಂಕೇತವನ್ನೂ ಸಾರದ ಹಳೆಯ ವಿಮಾನ ಯಾವ ತೆರೆಯ ಮೇಲೂ ಮೂಡದು. ಅದಕ್ಕೆಂದೇ ಪೈಲಟ್‌ಗಳು ತೆರೆಯತ್ತ ಕ್ಷಣ ಕಣ್ಣು ಹಾಯಿಸಿ ಮತ್ತೆ ಗಾಜಿನಾಚೆ ನೋಡುತ್ತಾರೆ.