ಕರಿಮಣ್ಣು ಮತ್ತು ಮತಪೆಟ್ಟಿಗೆ

ಚುನಾವಣೆಯ ಫಲಿತಾಂಶಕ್ಕೂ ಕೋಟ್ಯಂತರ ವರ್ಷಗಳ ಹಿಂದೆ ಹಿಂಜರಿದ ಕಡಲಿಗೂ ಸಂಬಂಧವುಂಟೆಂದರೆ ವಾಚಕರು ನಗಬಹುದು. ಆದರೆ ಅಂಥ ಸಂಬಂಧವೊಂದು ಇರುವುದು ನಿಜ. ಅದನ್ನು ಕಾಣಬೇಕಾದರೆ ನಾವು ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿರುವ ಅಲಬಾಮ ರಾಜ್ಯದ ಭೂಪಟವನ್ನು ಬಿಚ್ಚಿ ನೋಡಬೇಕು.

ಈ ರಾಜ್ಯದಲ್ಲಿ 67 ಕೌಂಟಿಗಳಿವೆ. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಅಲ್ಲಿ ಮತಗಳ ಲೆಕ್ಕವೂ ಕೌಂಟಿವಾರಾಗಿಯೇ ಪ್ರಕಟವಾಗುತ್ತದೆ. 1980ರಿಂದ 2024ರವರೆಗಿನ ಪ್ರತಿಯೊಂದು ಅಧ್ಯಕ್ಷ ಚುನಾವಣೆಯಲ್ಲಿಯೂ ಅಲಬಾಮದಲ್ಲಿ ಗೆದ್ದುದು ರಿಪಬ್ಲಿಕನ್ ಪಕ್ಷ. ಆದರೂ ರಾಜ್ಯದ ನಡುವೆ ಪೂರ್ವಪಶ್ಚಿಮವಾಗಿ ಹಾಯ್ದಿರುವ ಒಂದು ಪಟ್ಟಿಯಲ್ಲಿ ಹಲವು ಕೌಂಟಿಗಳು ಡೆಮಕ್ರಾಟಿಕ್ ಪಕ್ಷದ ಕಡೆಗೇ ವಾಲುತ್ತ ಬಂದಿವೆ. ಈ ಪಟ್ಟಿಯನ್ನು ಎಳೆದವರು ಯಾರು?

ಸುಮಾರು 8 ಕೋಟಿ ವರ್ಷಗಳ ಹಿಂದೆ, ಭೂವಿಜ್ಞಾನಿಗಳು ಕ್ರಿಟೇಷಿಯಸ್ ಎಂದು ಕರೆಯುವ ಯುಗದಲ್ಲಿ, ಈ ಪ್ರದೇಶವನ್ನು ಕಡಲು ಆವರಿಸಿತ್ತು. ಅದರಲ್ಲಿ ತೇಲುತ್ತಿದ್ದ ಸೂಕ್ಷ್ಮಜೀವಿಗಳ ಸುಣ್ಣದ ಕವಚಗಳು ತಳದಲ್ಲಿ ಸಂಚಯವಾಗಿ ಸೀಮೆಸುಣ್ಣದ ದಪ್ಪ ಪದರವಾದವು. ಇಲ್ಲಿಯ ಸೆಲ್ಮಾ ಪಟ್ಟಣದ ಹೆಸರನ್ನೇ ಆ ಪದರಕ್ಕೆ ಇಡಲಾಗಿದೆ. ಅದರ ಮೇಲೆ ರೂಪುಗೊಂಡದ್ದು ಫಲವತ್ತಾದ ಕಪ್ಪು ಮಣ್ಣು. ಹುಟ್ಟು ಬೇರೆಯಾದರೂ ನಮ್ಮ ಗದಗ, ಧಾರವಾಡಗಳ ಎರೆಭೂಮಿಯಂತೆ ಇದೂ ಹತ್ತಿಯ ನೆಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿಗೆ ಬೆಲೆ ಬಂದಾಗ ಬಿಳಿಯ ಭೂಮಾಲಿಕರು ಆಫ್ರಿಕ ಮೂಲದ ಗುಲಾಮರನ್ನು ಸಾವಿರಗಟ್ಟಲೆಯಾಗಿ ಇಲ್ಲಿಗೆ ತಂದರು. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಸ್ವಂತ ಭೂಮಿಯಿಲ್ಲದ ಆ ಜನರಲ್ಲಿ ಬಹುಮಂದಿ ಅದೇ ಹೊಲಗಳಲ್ಲಿ ಪಾಲಿಗೆ ದುಡಿಯುತ್ತ ಉಳಿದರು. ಹೀಗೆ, ಮಣ್ಣಿನ ಬಣ್ಣದಿಂದ ಬಂದ ‘ಕಪ್ಪು ಪಟ್ಟಿ’ ಎಂಬ ಹೆಸರು ಕಾಲಕ್ರಮದಲ್ಲಿ ಕಪ್ಪು ಜನರು ಹೆಚ್ಚಾಗಿರುವ ಪ್ರದೇಶ ಎಂಬ ಅರ್ಥವನ್ನೂ ತಳೆಯಿತು. ಬೂಕರ್ ವಾಷಿಂಗ್ಟನ್ ಅವರು 1901ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಇದನ್ನು ವಿವರಿಸಿದ್ದಾರೆ. ಕಡಲು ಮಣ್ಣನ್ನು ಕೊಟ್ಟಿತು, ಮಣ್ಣು ಬೆಳೆಯನ್ನು ಕೊಟ್ಟಿತು. ಬೆಳೆಯ ಲೋಭವು ಜನರನ್ನು ಅಲ್ಲಿಗೆ ಎಳೆದು ತಂದಿತು. ಆ ಜನರ ವಂಶಜರ ಮತವೇ ಇಂದು ಭೂಪಟದ ಮೇಲೆ ಪಟ್ಟಿಯಾಗಿ ಕಾಣುತ್ತದೆ.

ಇಷ್ಟರಿಂದ ಜನಸಂಖ್ಯೆಯ ಪಟ್ಟಿಯೊಂದಿದ್ದರೆ ಚುನಾವಣೆಯ ಗುಟ್ಟೆಲ್ಲ ತಿಳಿಯಿತೆಂದು ಭಾವಿಸಬಹುದೇ? ಹಾಗೆ ಭಾವಿಸುವುದಕ್ಕೆ ಮುಂಚೆ ಇದೇ ಪಟ್ಟಿಯಲ್ಲಿರುವ ಲೌಂಡ್ಸ್ ಕೌಂಟಿಯನ್ನು 1965ರ ಆರಂಭದಲ್ಲಿ ನೋಡೋಣ. ಅಲ್ಲಿಯ ಜನರಲ್ಲಿ ಶೇಕಡ 80ರಷ್ಟು ಮಂದಿ ಕಪ್ಪು ಜನರು. ಮತದಾರರ ಪಟ್ಟಿಯಲ್ಲಿದ್ದ ಕಪ್ಪು ಜನರ ಸಂಖ್ಯೆ ಸೊನ್ನೆ! ಬಿಳಿಯ ಮತದಾರರ ಹೆಸರುಗಳಾದರೋ ಆ ಕೌಂಟಿಯ ವಯಸ್ಕ ಬಿಳಿಯರ ಸಂಖ್ಯೆಯನ್ನೂ ಮೀರಿದ್ದವು. ಸತ್ತವರ, ಊರು ಬಿಟ್ಟವರ ಹೆಸರುಗಳನ್ನು ತೆಗೆದುಹಾಕಿರಲಿಲ್ಲ.

ದೂರದಲ್ಲಿ ಕುಳಿತು ಅಂಕಿಗಳನ್ನಷ್ಟೇ ನೋಡಿದವನು ಏನೆಂದು ತೀರ್ಮಾನಿಸುತ್ತಿದ್ದ? ಕಪ್ಪು ಜನರಿಗೆ ಮತದಾನದಲ್ಲಿ ಆಸಕ್ತಿಯಿಲ್ಲವೆಂದು. ಇದು ಶುದ್ಧ ತಪ್ಪು. ಅವರನ್ನು ದೂರವಿಟ್ಟದ್ದು ಅಕ್ಷರಪರೀಕ್ಷೆಯ ನೆಪ, ನೋಂದಣಿಯ ಅಧಿಕಾರಿಗಳ ಹಟ ಮತ್ತು ಜೀವಭಯ. ಹೆಸರು ಬರೆಸಲು ಹೋದವರನ್ನು ಭೂಮಾಲಿಕರು ಒಕ್ಕಲೆಬ್ಬಿಸುತ್ತಿದ್ದರು. ಮಾರ್ಚ್ 7ರಂದು ಮತದ ಹಕ್ಕಿಗಾಗಿ ಸೆಲ್ಮಾದ ಸೇತುವೆ ದಾಟಿದವರ ಮೇಲೆ ಪೊಲೀಸರು ಲಾಠಿ ಬೀಸಿದರು. ಅದೇ ತಿಂಗಳ ಕೊನೆಯ ಭಾಗದಲ್ಲಿ ಲೌಂಡ್ಸ್ ಕೌಂಟಿಯನ್ನು ಹಾಯ್ದು ಬಂದ ಮೆರವಣಿಗೆಯು ಸಹಸ್ರಾರು ಜನರೊಂದಿಗೆ ರಾಜಧಾನಿ ಮಾಂಟ್ಗೊಮರಿಯನ್ನು ಸೇರಿತು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಶಾಸನಕ್ಕೆ ಅಂಕಿತ ಬಿತ್ತು. ನೆರೆಯ ಮಿಸಿಸಿಪಿ ರಾಜ್ಯದಲ್ಲಿ, ವಯಸ್ಕ ಕಪ್ಪು ಜನರ ಪೈಕಿ ಮತದಾರರ ಪಟ್ಟಿಯಲ್ಲಿದ್ದವರು ಆವರೆಗೆ ಶೇಕಡ 7ಕ್ಕಿಂತ ಕಡಿಮೆ. 1967ರ ವೇಳೆಗೆ ಸುಮಾರು 60. ಲೌಂಡ್ಸ್ ಕೌಂಟಿಯು 1970ರಲ್ಲಿ ಜಾನ್ ಹ್ಯೂಲೆಟ್ ಎಂಬ ಕಪ್ಪು ನಾಯಕನನ್ನು ತನ್ನ ಷೆರಿಫ್ ಆಗಿ, ಎಂದರೆ ಪೊಲೀಸ್ ಮುಖ್ಯಸ್ಥನಾಗಿ, ಚುನಾಯಿಸಿತು. ಮಣ್ಣು ಅದೇ, ಜನರು ಅವರೇ, ಬದಲಾದದ್ದು ಕಾನೂನು.

ಇಂಥ ತಪ್ಪು ಎಷ್ಟು ಸುಲಭವೆಂಬುದನ್ನು ಡಬ್ಲ್ಯು. ಎಸ್. ರಾಬಿನ್ಸನ್ ಎಂಬ ಸಮಾಜವಿಜ್ಞಾನಿ 1950ರಲ್ಲಿ ತೋರಿಸಿಕೊಟ್ಟರು. 1930ರ ಅಮೆರಿಕದ ಜನಗಣತಿಯನ್ನು ರಾಜ್ಯವಾರಾಗಿ ನೋಡಿದರೆ, ವಿದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದಲ್ಲಿ ಅಕ್ಷರಸ್ಥರೂ ಹೆಚ್ಚು. ಒಬ್ಬೊಬ್ಬ ವ್ಯಕ್ತಿಯನ್ನೇ ನೋಡಿದರೆ ಚಿತ್ರ ತಿರುಗುಮುರುಗು: ವಿದೇಶದಿಂದ ಬಂದವರಲ್ಲಿಯೇ ಅಕ್ಷರಸ್ಥರು ಕಡಿಮೆ! ಕಾರಣ ಸರಳವಾದುದು. ವಲಸೆ ಬಂದವರು ನೆಲಸಿದ್ದು ಸ್ಥಳೀಯರು ಚೆನ್ನಾಗಿ ಓದುಬರಹ ಬಲ್ಲ ರಾಜ್ಯಗಳಲ್ಲಿ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಎಚ್ಚರಿಕೆ ಹೊಸದಲ್ಲ. ಅನಿಲದ ಉಷ್ಣತೆಯನ್ನು ಅಳೆದರೆ ಅದರ ಅಣುಗಳ ಸರಾಸರಿ ಚಲನಶಕ್ತಿ ತಿಳಿಯುತ್ತದೆ. ಒಂದು ನಿರ್ದಿಷ್ಟ ಅಣು ಎಷ್ಟು ವೇಗದಿಂದ ಓಡುತ್ತಿದೆಯೆಂಬುದು ತಿಳಿಯುವುದಿಲ್ಲ. ಮತದಾನವು ಗುಪ್ತವಾಗಿರುವುದರಿಂದ ಕೌಂಟಿಯ ಅಂಕಿಯೂ ಒಂದು ಬಗೆಯ ಉಷ್ಣತಾಮಾಪಕವೇ ಸರಿ. ಅಣುವಿಗಾದರೂ ಅಡ್ಡ ನಿಲ್ಲುವವರಿಲ್ಲ, ಮನುಷ್ಯನಿಗೆ ಇದ್ದಾರೆ. ಆದುದರಿಂದ ಒಂದೂರಿನವರು ಮತ ಹಾಕಲಿಲ್ಲವೆಂದು ಓದಿದಾಗ, ಅವರು ಎಂಥವರೆಂದು ಕೇಳುವ ಮೊದಲು ಅವರ ದಾರಿಯಲ್ಲಿ ಏನಿತ್ತೆಂದು ಕೇಳುವುದು ವಿಜ್ಞಾನಕ್ಕೂ ಒಪ್ಪುವ, ನ್ಯಾಯಕ್ಕೂ ಒಪ್ಪುವ ಮಾತು.